ತಂದೆ ಗೊತ್ತಿಲ್ಲದ ಹತ್ತೊಂಬತ್ತು ಕಾಳು

ಹರಿಹರದ ಸುತ್ತ ಗೋಧಿ ಬೆಳೆಯುತ್ತಾರೆ ಎಂದರೆ ಯಾರೂ ನಂಬುವುದಿಲ್ಲ. ನಾಲೆಯ ನೀರು ಬರುವಲ್ಲಿ ಭತ್ತ, ಬಾರದಲ್ಲಿ ಮೆಕ್ಕೆಜೋಳ, ಹೊಳೆದಂಡೆಯಲ್ಲಿ ಒಂದಿಷ್ಟು ಕಬ್ಬು. ಇಷ್ಟರ ನಡುವೆ ನಾನು ಐದು ವರ್ಷ ಗೋಧಿ ಕಾದೆ. ಹೊಲ ನನ್ನದಲ್ಲ. ಹೊರರಾಜ್ಯದ ಒಂದು ಬೀಜದ ಕಂಪನಿ ನಂದಿಗುಡಿ ರಸ್ತೆಯಲ್ಲಿ ನಾಲ್ಕು ಎಕರೆ ಗುತ್ತಿಗೆಗೆ ಹಿಡಿದಿತ್ತು. ನಾನು ಅಲ್ಲಿಯ ಫೀಲ್ಡ್ ಅಸಿಸ್ಟೆಂಟ್. ಮನೆ ದಾವಣಗೆರೆಯಲ್ಲಿ. ದಿನಾ ಬೆಳಿಗ್ಗೆ ಬೈಕ್ ಹತ್ತಿ ಹರಿಹರ ದಾಟಿ ಹೊಲ ಸೇರುವಷ್ಟರಲ್ಲಿ ದಾರಿಯ ಚಹಾದಂಗಡಿಯವನು ಒಂದು ಸಲವಾದರೂ ಕೇಳಿರುತ್ತಿದ್ದ: "ಏನ್ ಸರ, ನಿಮ್ ಗೋಧಿ ಸತ್ವೋ ಅದಾವೋ?"

ಅವನ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಗೋಧಿಗೆ ಚಳಿ ಬೇಕು. ನಮ್ಮ ಕಡೆ ಚಳಿ ಎಂದರೆ ಬೆಳಿಗ್ಗೆ ಎಂಟು ಗಂಟೆಯವರೆಗೆ ತಲೆಗೆ ಟವೆಲ್ ಸುತ್ತಿಕೊಳ್ಳುವಷ್ಟು, ಅಷ್ಟೇ. ಕಂಪನಿ ಈ ಜಾಗ ಆರಿಸಿದ್ದೇ ಅದಕ್ಕೆ. ಇಲ್ಲಿಯ ಬಿಸಿಲಿಗೆ ಬದುಕಿದ ತಳಿ ಎಲ್ಲಿ ಬೇಕಾದರೂ ಬದುಕುತ್ತದೆ ಎಂದು ಅವರ ಲೆಕ್ಕ. ಹಾಗಾಗಿ ಬೇರೆ ಬೇರೆ ಕಡೆಯ ನಲವತ್ತು ತಳಿಗಳನ್ನು ತಂದು ಸಾಲು ಸಾಲಾಗಿ ಬಿತ್ತಿ, ಯಾವುದು ಸಾಯುತ್ತದೆ, ಯಾವುದು ಉಳಿಯುತ್ತದೆ ಎಂದು ಬರೆದುಕೊಂಡು ಕೂರುವುದು ನನ್ನ ಕೆಲಸ. ಉಳಿದವುಗಳನ್ನು ಒಂದಕ್ಕೊಂದು ಕೂಡಿಸಿ ಹೊಸ ತಳಿ ಮಾಡುವುದು ಇನ್ನೊಂದು ಕೆಲಸ. ಈ ಎರಡನೆಯದು ನನ್ನ ಕೈಯಲ್ಲಿ ಆಗುತ್ತಿರಲಿಲ್ಲ. ನನ್ನ ಬೆರಳು ದಪ್ಪ, ಸಿಟ್ಟು ಮೂಗಿನ ತುದಿಯಲ್ಲಿ. ಗೋಧಿ ತೆನೆಯ ಮುಂದೆ ಇವೆರಡೂ ನಡೆಯುವುದಿಲ್ಲ.

ಗೋಧಿಯ ಹೂವು ಎಷ್ಟು ಚಿಕ್ಕದೆಂದರೆ ಅದು ಹೂವು ಎಂದೇ ಹೆಚ್ಚಿನವರಿಗೆ ಗೊತ್ತಿಲ್ಲ. ಹೊಟ್ಟಿನೊಳಗೇ ಗಂಡು ಹೆಣ್ಣು ಎರಡೂ ಇರುತ್ತವೆ. ಹೊರಗಿನ ಗಾಳಿ ತಾಗುವ ಮೊದಲೇ ಒಳಗೊಳಗೇ ಮದುವೆ ಮುಗಿಸಿಕೊಂಡು ಕಾಳು ಕಟ್ಟಿಬಿಡುತ್ತವೆ. ನಮಗೆ ಬೇಕಾದ ವರನನ್ನು ತರಬೇಕಾದರೆ ಅದಕ್ಕೂ ಮೊದಲು ಪ್ರತಿ ಹೂವಿನ ಬಾಯಿ ಬಿಡಿಸಿ, ಒಳಗಿರುವ ಮೂರು ಹಸಿರು ಪರಾಗದ ಚೀಲಗಳನ್ನು ಚಿಮಟದಿಂದ ಒಡೆಯದ ಹಾಗೆ ಎತ್ತಿ ತೆಗೆಯಬೇಕು. ಒಂದು ತೆನೆಗೆ ಇಪ್ಪತ್ತು ಮೂವತ್ತು ಹೂವು. ತೆಗೆದಾದ ಮೇಲೆ ತೆನೆಗೆ ಬೆಣ್ಣೆ ಕಾಗದದ ಚೀಲ ಹಾಕಿ, ಕ್ಲಿಪ್ಪು ಸಿಕ್ಕಿಸಿ, ಎರಡು ದಿನ ಬಿಡಬೇಕು. ಆಮೇಲೆ ಚೀಲ ತೆಗೆದು, ಬೇಕಾದ ತಳಿಯ ಪರಾಗ ಉದುರಿಸಿ, ಮತ್ತೆ ಮುಚ್ಚಬೇಕು. ಆ ಎರಡು ದಿನ ಹೂವು ಬಾಯಿ ತೆರೆದುಕೊಂಡು ಕಾಯುತ್ತಿರುತ್ತದೆ. ಯಾವ ಪರಾಗ ಮೊದಲು ಬಿದ್ದರೆ ಅದಕ್ಕೇ ಕಾಳು.

ಈ ಕೆಲಸಕ್ಕೆ ನನಗೆ ಸಿಕ್ಕವಳು ಕಡರನಾಯಕನಹಳ್ಳಿಯ ಅಕ್ಕ. ನನಗಿಂತ ಹತ್ತು ವರ್ಷ ದೊಡ್ಡವಳು. ಐದು ಜನ ಹೆಣ್ಣುಮಕ್ಕಳ ಗುಂಪಿಗೆ ಅವಳೇ ಮುಖ್ಯಸ್ಥೆ. ಭತ್ತದ ನಾಟಿ, ಹತ್ತಿ ಬೀಜೋತ್ಪಾದನೆ ಎಲ್ಲ ಮಾಡಿ ಪಳಗಿದ ಕೈ. ಗೋಧಿ ತೆನೆ ಬಿಡಿಸುವುದನ್ನು ನಾನು ಅರ್ಧ ದಿನ ಕಲಿಸಿದೆ. ಉಳಿದ ಅರ್ಧ ದಿನ ಅವಳು ನನಗೆ ಕಲಿಸಿದಳು. ಕಾಗದದ ಚೀಲಕ್ಕೆ 'ಟೊಪ್ಪಿಗೆ' ಎಂದು ಹೆಸರಿಟ್ಟವಳೂ ಅವಳೇ. ಪರಾಗದ ಚೀಲ ಕೀಳುವ ಕೆಲಸದ ಬಗ್ಗೆ ಅವಳಾಡುತ್ತಿದ್ದ ಮಾತುಗಳನ್ನೆಲ್ಲ ಇಲ್ಲಿ ಬರೆಯಲಾರೆ. "ಗಂಡಸ್ತನ ಕೀಳೋಕೂ ಒಂದು ನೌಕ್ರಿ ಐತೆ ಅಂತ ಮೊದ್ಲೇ ಗೊತ್ತಿದ್ರೆ ನಮ್ಮೂರಾಗೇ ಬೇಕಾದಷ್ಟು ಕೆಲ್ಸ ಇತ್ತಲ್ರಿ ಸರ" ಎಂದದ್ದು ಅವುಗಳಲ್ಲೆಲ್ಲ ಸೌಮ್ಯವಾದದ್ದು. ಉಳಿದ ನಾಲ್ವರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ನಾನು ನೋಟ್‌ಬುಕ್ಕಿನಲ್ಲಿ ಮುಖ ಇಡುತ್ತಿದ್ದೆ.

ಎರಡನೆಯ ವರ್ಷ ಬಿತ್ತನೆಯ ದಿನ ಅಕ್ಕ ಒಂದು ಸ್ಟೀಲ್ ಡಬ್ಬಿ ತಂದಳು. ಒಳಗೆ ಹೊಟ್ಟು ಬಿಡದ ಉದ್ದುದ್ದ ಕಾಳು, ಬೂದಿ ಬೆರೆಸಿದ್ದು. ಸದಕ. ನಮ್ಮ ಕಡೆ ಕೆಲವರು ಜವೆಗೋಧಿ ಎನ್ನುತ್ತಾರೆ. ಕುಟ್ಟಿದರಷ್ಟೇ ಸಿಪ್ಪೆ ಬಿಡುವ ಹಳೆಯ ಕಾಲದ ಗೋಧಿ. ಅಕ್ಕನ ತವರು ಹೊಳೆಯಾಚೆ, ರಾಣೆಬೆನ್ನೂರಿನ ಕಡೆ. ಅಲ್ಲಿ ಅವಳ ತಾಯಿ ಪ್ರತಿವರ್ಷ ಒಂದು ಪಟ್ಟೆಯಷ್ಟು ಸದಕ ಬಿತ್ತಿ, ಮನೆಯಲ್ಲಿ ಬಾಣಂತಿಯಾದವರಿಗೆಲ್ಲ ಅದರ ಹುಗ್ಗಿ ಮಾಡಿ ಹಾಕುತ್ತಿದ್ದಳಂತೆ. ಅಕ್ಕನ ಮೂರೂ ಬಾಣಂತನ ಅದರಲ್ಲೇ ಆಗಿತ್ತು. ತಾಯಿ ತೀರಿಕೊಂಡ ಮೇಲೆ ತಮ್ಮ ಇಡೀ ಹೊಲಕ್ಕೆ ಮೆಕ್ಕೆಜೋಳ ಹಾಕಿದ. ಬೀಜದ ಗಡಿಗೆ ಅಟ್ಟದ ಮೇಲೆ ನಾಲ್ಕು ವರ್ಷ ಕೂತಿತು. ಈ ಸಲ ಹೋದಾಗ ಇಳಿಸಿ ನೋಡಿದರೆ ಹುಳ ತಿಂದು ಉಳಿದದ್ದು ಇಷ್ಟೇ.

"ಊರಾಗ ಎಲ್ಲಾ ಕೇಳಿದೆ ಸರ, ಯಾರ್ ಮನ್ಯಾಗೂ ಇಲ್ಲ" ಎಂದಳು. "ನಿಮ್ ಗೋಧಿ ಜೋಡಿ ಇದನ್ನೂ ಹಾಕ್ರಿ. ಎಲ್ಲಿಯಾದ್ರೂ ಒಂದ್ ಕಡೆ ಉಳೀಲಿ."

ಕಂಪನಿಯ ನಕ್ಷೆಯಲ್ಲಿ ಇಲ್ಲದ್ದನ್ನು ಬಿತ್ತುವಂತಿಲ್ಲ. ಆದರೂ ಬದುವಿನ ಪಕ್ಕ ಒಂದು ಸಾಲು ಬಿತ್ತಿಸಿದೆ. ಇಡೀ ಡಬ್ಬಿ ಸುರುವಿದರೂ ಹುಟ್ಟಿದ್ದು ಆರೇ ಸಸಿ. ಅಕ್ಕ ದಿನಾ ಹೊಲಕ್ಕೆ ಬಂದವಳು ಮೊದಲು ಅಲ್ಲಿಗೆ ಹೋಗಿ, ಆರೂ ಇವೆಯೇ ಎಂದು ನೋಡಿ, ಆಮೇಲೆ ಕೆಲಸಕ್ಕೆ ನಿಲ್ಲುತ್ತಿದ್ದಳು.

ಆ ವರ್ಷ ಹೊಲಕ್ಕೆ ಭಂಡಾರ ರೋಗ ಬಂತು. ಎಲೆ ಮುಟ್ಟಿದರೆ ಕೈಗೆ ಅರಿಶಿನದಂಥ ಪುಡಿ ಹತ್ತುವ ರೋಗ. ಅಷ್ಟು ದೂರದಿಂದ ತರಿಸಿದ ಹೆಸರುವಾಸಿ ತಳಿಗಳೆಲ್ಲ ಭಂಡಾರ ಎರಚಿಸಿಕೊಂಡು ನಿಂತವು. ಬದುವಿನ ಪಕ್ಕದ ಆರು ಗಿಡ ಮಾತ್ರ ಹಸಿರಾಗಿದ್ದವು. ನಾನು ಫೋಟೋ ತೆಗೆದು ಹೆಡ್ ಆಫೀಸಿಗೆ ಕಳಿಸಿದೆ. ಸದಾ ಮೂರು ದಿನಕ್ಕೆ ಉತ್ತರ ಬರೆಯುವವರು ಅವತ್ತೇ ಫೋನ್ ಮಾಡಿ, ನಮ್ಮ ಒಳ್ಳೆಯ ತಳಿಯೊಂದಕ್ಕೆ ಇದರ ಪರಾಗ ಹಾಕಿ ನೋಡಿ ಎಂದರು. ಅಕ್ಕನಿಗೆ ಹೇಳಿದಾಗ ಅವಳಿಗೆ ರೋಗದ ವಿಷಯ ಏನೂ ಅನ್ನಿಸಲಿಲ್ಲ. "ಹಂಗಾರೆ ನಮ್ಮವ್ವನ ಗೋಧಿ ಉಳೀತು ಅನ್ರಿ" ಎಂದಳು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಅವಳ ಕೈಯಿಂದಲೇ ಆ ಮದುವೆಯಾಯಿತು. ತೆನೆ ಬಿಡಿಸಿದವಳೂ ಅವಳೇ, ಪರಾಗ ಉದುರಿಸಿದವಳೂ ಅವಳೇ. ಹನ್ನೊಂದು ಕಾಳು ಸಿಕ್ಕವು. ಆದರೆ ಸದಕದ ಆರು ಗಿಡಗಳಲ್ಲಿ ಬೀಜಕ್ಕೆಂದು ಬಿಟ್ಟಿದ್ದ ತೆನೆಗಳು ನಮಗೆ ದಕ್ಕಲಿಲ್ಲ. ಪಕ್ಷಿಗಳ ಕಾಟಕ್ಕೆ ಹೊಲದ ಮೇಲೆಲ್ಲ ಬಲೆ ಹಾಕಿದ್ದೆವು. ಬಲೆ ನಕ್ಷೆಯ ಅಳತೆಗೆ ಬಂದಿತ್ತು. ನಕ್ಷೆಯಲ್ಲಿ ಬದುವಿನ ಸಾಲು ಇರಲಿಲ್ಲ. ಒಂದು ಭಾನುವಾರ ಹೊಳೆಯ ಕಡೆಯಿಂದ ಗಿಳಿಗಳ ಹಿಂಡು ಬಂದು ತೆನೆಗಳನ್ನು ಕತ್ತರಿಸಿಕೊಂಡು ಹೋಯಿತು. ಸೋಮವಾರ ಬಂದು ನೋಡಿದರೆ ಬರಿಯ ಕಡ್ಡಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾನು ಗಿಳಿಗಳನ್ನೂ ಕಂಪನಿಯನ್ನೂ ಒಟ್ಟಿಗೆ ಬೈದೆ. ಅಕ್ಕ ಬದುವಿನ ಮೇಲೆ ಕೂತು ಕಡ್ಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಒಂದು ಹಳೆಯ ಸೀರೆಯನ್ನಾದರೂ ಹೊದಿಸಬಹುದಿತ್ತಲ್ಲ ಎಂಬ ಯೋಚನೆ ನನಗೆ ಬಂದದ್ದು ಆಗ.

ಅಲ್ಲಿಗೆ ಅವಳ ತಾಯಿಯ ಗೋಧಿ ಭೂಮಿಯ ಮೇಲೆ ಉಳಿದದ್ದು ಆ ಹನ್ನೊಂದು ಮಿಶ್ರ ಕಾಳುಗಳಲ್ಲಿ ಮಾತ್ರ, ಅದೂ ಅರ್ಧ.

ಮುಂದಿನ ಹಂಗಾಮಿಗೆ ಹನ್ನೊಂದನ್ನೂ ಬಿತ್ತಿದೆವು. ನಾಲ್ಕು ಗಿಡ ತೆನೆಗೆ ಬಂದವು. ಎದೆಯೆತ್ತರ, ಕಡುಹಸಿರು, ರೋಗದ ಸುಳಿವಿಲ್ಲ. ಅಕ್ಕನಿಗೆ ಹಿಗ್ಗು. ನನಗೆ ಮಾತ್ರ ಭಯ, ಯಾಕೆಂದರೆ ಮುಂದಿನದು ನನಗೆ ಗೊತ್ತಿತ್ತು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅದನ್ನು ಅವಳಿಗೆ ಬಿಡಿಸಿ ಹೇಳಿದೆ. ನಾವು ಚಪಾತಿ ಮಾಡುವ ಗೋಧಿಯ ಒಂದೊಂದು ಕೋಶದಲ್ಲಿ ನಲವತ್ತೆರಡು ವರ್ಣತಂತುಗಳು. ಮೂರು ಮನೆತನ ಒಂದೇ ಸೂರಿನಡಿ ಇದ್ದ ಹಾಗೆ, ಒಂದೊಂದರದು ಏಳೇಳು ಜೋಡಿ. ಸದಕದಲ್ಲಿ ಎರಡೇ ಮನೆತನ, ಇಪ್ಪತ್ತೆಂಟು. ಸಾವಿರಾರು ವರ್ಷಗಳ ಹಿಂದೆ ಯಾವುದೋ ದೂರದೇಶದ ಹೊಲದಂಚಿನಲ್ಲಿ ಸದಕದಂಥದ್ದೊಂದು ಗೋಧಿಯ ಮೇಲೆ ಕಾಡುಹುಲ್ಲಿನ ಪರಾಗ ಬಿದ್ದು ಮೂರನೆಯ ಮನೆತನ ಬಂದು ಸೇರಿತು. ಚಪಾತಿ ಗೋಧಿ ಹುಟ್ಟಿದ್ದು ಹಾಗೆ. ಈಗ ಇವೆರಡನ್ನು ಕೂಡಿಸಿದರೆ ಹುಟ್ಟುವ ಗಿಡಕ್ಕೆ ಒಂದು ಕಡೆಯಿಂದ ಇಪ್ಪತ್ತೊಂದು, ಇನ್ನೊಂದು ಕಡೆಯಿಂದ ಹದಿನಾಲ್ಕು. ಹದಿನಾಲ್ಕು ಜೋಡಿಯಾಗುತ್ತವೆ, ಏಳು ಒಂಟಿ ಉಳಿಯುತ್ತವೆ. ಬೀಜ ಕಟ್ಟುವ ಹೊತ್ತಿಗೆ ಆ ಏಳಕ್ಕೆ ಎತ್ತ ಹೋಗಬೇಕೆಂದು ತಿಳಿಯುವುದಿಲ್ಲ. ಗಿಡ ನೋಡಲು ಚಂದ, ತೆನೆ ಬಿಡಿಸಿದರೆ ಹೆಚ್ಚಿನದು ಜೊಳ್ಳು.

ಅಕ್ಕ ರೊಟ್ಟಿ ಮುರಿಯುತ್ತಾ ಎಲ್ಲ ಕೇಳಿಸಿಕೊಂಡಳು. "ಅಂದ್ರೆ ಮದ್ವಿ ಮನ್ಯಾಗ ಏಳ್ ಮಂದಿಗೆ ಜೋಡಿ ಸಿಗ್ಲಿಲ್ಲ. ಅಷ್ಟೇ ಹೌದಲ್ರಿ? ಮತ್ತೆ ಆ ಮನೆತನದಿಂದ್ಲೇ ಇನ್ನೊಂದು ಸಂಬಂಧ ತರ್ರಿ, ಸರಿ ಹೋಗ್ತೈತೆ."

ನಾನು ನಾಲ್ಕು ವರ್ಷ ಕಾಲೇಜಿನಲ್ಲಿ ಕಲಿತದ್ದೂ ಅದೇ. ಮತ್ತೊಮ್ಮೆ ಚಪಾತಿ ಗೋಧಿಯ ಪರಾಗವನ್ನೇ ಹಾಕಬೇಕು; ಆಗ ಒಂಟಿಗಳಿಗೆ ಜೋಡಿ ಸಿಕ್ಕು, ಕೆಲವಾದರೂ ಕಾಳು ಕಟ್ಟುತ್ತವೆ, ಆ ಕಾಳುಗಳಲ್ಲಿ ಸದಕದ ಅಂಶ ಮುಂದುವರಿಯುತ್ತದೆ. ತಂದೆಯಾಗಿ ಯಾವ ತಳಿ ಹಾಕಬೇಕೆಂದೂ ಹೆಡ್ ಆಫೀಸಿನಿಂದ ಬರೆದು ಬಂದಿತ್ತು. ನಾಲ್ಕು ಗಿಡಗಳಲ್ಲಿ ಮೊದಲು ಹೊರಬಂದ ಹದಿನಾಲ್ಕು ತೆನೆಗಳನ್ನು ಅಕ್ಕ ಒಬ್ಬಳೇ ಎರಡು ದಿನ ಕೂತು ಬಿಡಿಸಿದಳು. ಬೇರೆ ಯಾರನ್ನೂ ಮುಟ್ಟಗೊಡಲಿಲ್ಲ. ಹದಿನಾಲ್ಕಕ್ಕೂ ಟೊಪ್ಪಿಗೆ ಹಾಕಿದೆವು.

ಮಾರನೆಯ ದಿನ ಎಳ್ಳಮಾವಾಸ್ಯೆ.

ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲುವುದು ಅಕ್ಕನ ತವರಿನ ಕಡೆ ದೊಡ್ಡ ಪದ್ಧತಿ. ಕಾಳು ಕಟ್ಟುವ ಪೈರು ಅಂದರೆ ತುಂಬಿದ ಬಸುರಿ. ಅವಳ ಬಯಕೆಗೆ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕಡುಬು, ಹೋಳಿಗೆ ಎಲ್ಲ ಮಾಡಿಕೊಂಡು ಹೋಗಿ, ಹೊಲದ ತುಂಬ ಚೆಲ್ಲಿ ಉಣ್ಣಿಸಬೇಕು. ಕಂಪನಿಯ ಹೊಲದಲ್ಲೂ ಅಕ್ಕ ಯಾವ ವರ್ಷವೂ ಇದನ್ನು ಬಿಟ್ಟವಳಲ್ಲ. ನಾನೂ ಬೇಡ ಎಂದವನಲ್ಲ. ಅವತ್ತು ಐದೂ ಜನ ಹೊಸ ಸೀರೆ ಉಟ್ಟು ಬುತ್ತಿ ಹೊತ್ತು ಬಂದಿದ್ದರು. ನಾನು ಬಂದದ್ದು ಮೋಟಾರಿನ ಸಲುವಾಗಿ. ಹಿಂದಿನ ದಿನ ಟ್ರಾನ್ಸ್‌ಫಾರ್ಮರ್ ಸುಟ್ಟು ನೀರು ನಿಂತಿತ್ತು. ಬದುವಿನ ಮೇಲೆ ನಿಂತು ಲೈನ್‌ಮನ್ ಜೊತೆ ಫೋನಿನಲ್ಲಿ ಜಗಳವಾಡುತ್ತಿದ್ದೆ. ಹಬ್ಬದ ದಿನ ಬರುವುದಿಲ್ಲ ಎಂದು ಅವನು, ಗೋಧಿಗೆ ಹಬ್ಬ ಗೊತ್ತಿಲ್ಲ ಎಂದು ನಾನು. ನಡುವೆ ಅಕ್ಕ ಹತ್ತಿರ ಬಂದು ಏನೋ ಕೇಳಿದಳು. ನಾನು ಅವಳ ಕಡೆ ತಿರುಗದೆ "ಹೂಂ ಹೂಂ, ಮಾಡಿ" ಎಂದು ಕೈ ಬೀಸಿದೆ. ಆಮೇಲೆ ಬೈಕ್ ಹತ್ತಿ ಲೈನ್‌ಮನ್‌ನನ್ನು ಹುಡುಕಿಕೊಂಡು ಹರಿಹರಕ್ಕೆ ಹೋದೆ. ಹೋಗುವಾಗ ಹಿಂದಿನಿಂದ ಅವರು ಚರಗ ಚೆಲ್ಲುತ್ತ ಕೂಗುವ ದನಿ ಕೇಳುತ್ತಿತ್ತು. ಅವಳು ಏನು ಕೇಳಿದ್ದಳೆಂದು ನನಗೆ ತಿಳಿದದ್ದು ಎರಡೂವರೆ ತಿಂಗಳ ಮೇಲೆ.

ಮರುದಿನ ಇಬ್ಬರೂ ಸೇರಿ ಹದಿನಾಲ್ಕು ತೆನೆಗೂ ಪರಾಗ ಹಾಕಿದೆವು. ಟೊಪ್ಪಿಗೆಗಳು ಇದ್ದ ಹಾಗೆ ಇದ್ದವು, ಕ್ಲಿಪ್ಪುಗಳೂ ಸರಿಯಾಗಿದ್ದವು. ತಡವಾಗಿ ಬಂದ ಉಳಿದ ತೆನೆಗಳಿಗೂ ಆಮೇಲೆ ಹಾಕಿದೆವು, ಆದರೆ ಆ ವರ್ಷ ಬಿಸಿಲು ಬೇಗ ಏರಿ ಅವೆಲ್ಲ ಜೊಳ್ಳಾದವು. ಮಾರ್ಚಿನಲ್ಲಿ ಹದಿನಾಲ್ಕು ತೆನೆಗಳನ್ನು ಕೊಯ್ದು ಬಿಡಿಸಿದಾಗ ಹತ್ತೊಂಬತ್ತು ಕಾಳು ಸಿಕ್ಕವು.

ನಾನು ಅಂದುಕೊಂಡಿದ್ದು ಐದೋ ಆರೋ. ಹತ್ತೊಂಬತ್ತನ್ನು ಅಂಗೈಯಲ್ಲಿ ಹಿಡಿದು ಹುಚ್ಚನ ಹಾಗೆ ಕುಣಿದೆ. ಅಕ್ಕನೂ ನಕ್ಕಳು. ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. "ಇದ್ರಾಗ ನಮ್ಮವ್ವನದು ಎಷ್ಟೈತ್ರಿ?" ಎಂದು ಕೇಳಿದಳು. ಸರಾಸರಿ ನಾಲ್ಕರಲ್ಲಿ ಒಂದು ಪಾಲು ಎಂದೆ. ಅಷ್ಟು ಸಾಕು ಎಂದಳು. ನಾನು ಸುಮ್ಮನಿರಲಾರದೆ ಅವತ್ತೇ ಹೆಡ್ ಆಫೀಸಿಗೆ ಉದ್ದನೆಯ ಮೇಲ್ ಬರೆದೆ. ಇಂಥ ಕಷ್ಟದ ಸಂಕರದಲ್ಲಿ ಇಷ್ಟು ಕಾಳು ಪಡೆದದ್ದು ನಮ್ಮ ಕ್ಷೇತ್ರದ ಸಾಧನೆ ಎಂದೆಲ್ಲ ಬರೆದಿದ್ದೆ. ಆ ಮೇಲ್ ಬರೆಯದೇ ಇದ್ದಿದ್ದರೆ ಯಾರೂ ಬರುತ್ತಿರಲಿಲ್ಲ. ಎಷ್ಟೋ ಸಲ ಬಾಯಿಬಡುಕತನವೇ ಮನುಷ್ಯನ ಶತ್ರು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳ ಮುಂದೆ ಒಪ್ಪಿಕೊಳ್ಳುವುದಿಲ್ಲ, ಇಲ್ಲಿ ಒಪ್ಪುತ್ತೇನೆ.

ವಾರದೊಳಗೆ ಹೆಡ್ ಆಫೀಸಿನಿಂದ ಒಬ್ಬ ಅಧಿಕಾರಿ ಬಂದ. ಮೈಸೂರು ಕಡೆಯವನು, ನನಗಿಂತ ಚಿಕ್ಕವನು, ತಳಿಗಳ ದಾಖಲೆ ನೋಡಿಕೊಳ್ಳುವವನು. ಕೆಟ್ಟವನಲ್ಲ. ಬಿಸಿಲಿಗೆ ಮುಖ ಕೆಂಪಾಗಿತ್ತು, ಅಕ್ಕ ಕೊಟ್ಟ ಮಜ್ಜಿಗೆಯನ್ನು ಎರಡು ಲೋಟ ಕುಡಿದು ಕೈಮುಗಿದ. ಹೊಲದ ಶೆಡ್ಡಿನಲ್ಲಿ ಕೂತು ಕಾಳಿನ ಪೊಟ್ಟಣ ಬಿಚ್ಚಿ, ಎಣಿಸಿ, ಮತ್ತೊಮ್ಮೆ ಎಣಿಸಿದ.

"ಸರ್, ಇಷ್ಟು ಕಾಳು ಸೆಟ್ ಆಗೋದು ಕಷ್ಟ" ಎಂದ. "ಎಲ್ಲೋ ಹೊರಗಿನ ಪರಾಗ ಸೇರಿದೆ ಅನ್ನಿಸುತ್ತೆ. ಬ್ಯಾಗ್ ಹರಿದಿತ್ತಾ? ಯಾರಾದ್ರೂ ತೆಗೆದಿದ್ರಾ?"

ಇಲ್ಲವೇ ಇಲ್ಲ ಎಂದು ನಾನು ಏರಿದ ದನಿಯಲ್ಲಿ ಹೇಳಿದೆ. ನನ್ನ ಕೆಲಸದ ಮೇಲೆ ಅನುಮಾನವೇ ಎಂದು ರೇಗಿದೆ. ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಅಕ್ಕ ಒಳಗೆ ಬಂದಳು.

"ನಾನೇ ತೆಗ್ದಿದ್ದು ಸರ" ಎಂದಳು. "ಎಳ್ಳಮಾಸಿ ದಿನ. ಬಸುರಿ ಹೆಂಗಸಿಗೆ ಬಯಕಿ ಊಟ ಹಾಕೋವಾಗ ಮುಖಕ್ಕ ಮುಸುಕು ಇರಬಾರದಲ್ರಿ. ಮುಂಜಾನಿ ಟೊಪ್ಪಿಗಿ ತೆಗ್ದು, ಚರಗ ಚೆಲ್ಲಿ, ಉಂಡು, ಮಧ್ಯಾಹ್ನ ಮತ್ತೆ ಹಾಕಿದ್ವಿ. ಒಂದೂ ತೆನಿ ಮುಟ್ಲಿಲ್ರಿ. ಬರೀ ಟೊಪ್ಪಿಗಿ."

ಆಗ ನನಗೆ ನೆನಪಾಯಿತು. ಬದುವಿನ ಮೇಲೆ ಬಂದು ಅವಳು ಕೇಳಿದ್ದು ಇದನ್ನೇ. ಸುತ್ತ ನಲವತ್ತು ತಳಿ ಹೂಬಿಟ್ಟು ನಿಂತ ಹೊಲದಲ್ಲಿ, ಬಾಯಿ ತೆರೆದು ಕಾಯುತ್ತಿದ್ದ ಹದಿನಾಲ್ಕು ತೆನೆಗಳು ಅರ್ಧ ದಿನ ಬರಿತಲೆಯಲ್ಲಿ ನಿಂತಿದ್ದವು. ಎರಡು ವರ್ಷ ಇಷ್ಟು ಚೊಕ್ಕವಾಗಿ ಕೆಲಸ ಮಾಡಿದ ಕೈ, ಪ್ರೀತಿಯಿಂದಲೇ ಅದನ್ನು ಕೆಡಿಸಿತ್ತು. ಕೆಡಿಸಲು ಅಪ್ಪಣೆ ಕೊಟ್ಟವನು ನಾನು.

ಅಧಿಕಾರಿ ಕೇಳಿದ: "ಯಾರನ್ನಾದ್ರೂ ಕೇಳಿ ತೆಗೆದ್ರಾ?"

ಅಕ್ಕ ನನ್ನ ಕಡೆ ನೋಡಲೂ ಇಲ್ಲ. "ಯಾರನ್ನ ಕೇಳ್ಲಿ? ಸರ ಅವತ್ತು ಇರ್ಲಿಲ್ಲ. ನಂದೇ ತಪ್ಪು" ಎಂದಳು.

ಆಗ ನಾನು ಮಾತಾಡಬೇಕಿತ್ತು. ಒಂದೇ ಮಾತು, ಅವಳು ಕೇಳಿದ್ದಳು, ನಾನು ಒಪ್ಪಿದ್ದೆ ಎಂದು. ಈ ಕೆಲಸ ಹೋದರೆ ದಾವಣಗೆರೆಯಲ್ಲಿ ಯಾವ ಗೊಬ್ಬರದ ಅಂಗಡಿಯ ಮುಂದೆ ನಿಲ್ಲಲಿ ಎಂಬ ಯೋಚನೆ ಬಂತು. ಅಧಿಕಾರಿ ಬರೆದುಕೊಂಡ. ನಾನು ನೆಲ ನೋಡಿದೆ. ಸಿಟ್ಟಿನ ಮನುಷ್ಯ ಎಂದು ಹೆಸರಾದವನು ನಾನು, ಸಿಟ್ಟು ಬೇಕಾದಲ್ಲಿ ಅದು ಎಲ್ಲಿ ಹೋಗುತ್ತದೋ.

ಮಾತಾಡಿದ್ದು ಕಾಳಿನ ಪರವಾಗಿ ಮಾತ್ರ. ತಂದೆ ಯಾರೆಂದು ಗೊತ್ತಿಲ್ಲ, ಆಗಲಿ. ತಾಯಿ ಯಾರೆಂದು ಗೊತ್ತಿದೆಯಲ್ಲ ಎಂದೆ. ಸದಕದ ಅಂಶ ಬಂದಿರುವುದೇ ತಾಯಿಯಿಂದ. ಯಾವ ಗೋಧಿಯ ಪರಾಗ ಬಿದ್ದಿದ್ದರೂ ಈ ಕಾಳುಗಳಲ್ಲಿ ಅದು ಇದ್ದೇ ಇದೆ. ಬಿತ್ತೋಣ, ರೋಗ ತಡೆಯುವ ಗಿಡ ಆರಿಸೋಣ. ಬೇಕಿದ್ದರೆ ಪ್ರಯೋಗಾಲಯಕ್ಕೆ ಕಳಿಸಿ ತಂದೆಯನ್ನೂ ಪತ್ತೆ ಮಾಡಿಸೋಣ. ಅಧಿಕಾರಿ ಅಲ್ಲವೆನ್ನಲಿಲ್ಲ. ತಲೆಯಾಡಿಸಿಕೊಂಡೇ ಕೇಳಿದ. ನಂತರ ತೊಡಕು ಹೇಳಿದ: ಹೊಲದ ನಲವತ್ತು ತಳಿಗಳಲ್ಲಿ ಹತ್ತನ್ನು ಬೇರೆಯವರಿಂದ ಹೋಲಿಕೆಗೆಂದು ಮಾತ್ರ ತಂದದ್ದು. ಅವುಗಳ ಪರಾಗದಿಂದ ನಮ್ಮಲ್ಲಿ ಬೀಜ ಆಗಕೂಡದೆಂದು ಕರಾರು. ಅನುಮಾನ ಬಂದರೂ ಸಾಕು, ಆ ಬೀಜ ನಾಶ ಮಾಡಬೇಕು. ನನ್ನೆದುರೇ ಫೋನ್ ಹಚ್ಚಿ ಮೇಲಿನವರನ್ನು ಕೇಳಿದ, ಪರೀಕ್ಷೆಗೆ ಕಳಿಸಬಹುದೇ ಎಂದೂ ಕೇಳಿದ. ಆ ಕಡೆಯ ಮಾತು ಅರ್ಧ ನಿಮಿಷದಲ್ಲಿ ಮುಗಿಯಿತು. ಫೋನ್ ಜೇಬಿಗೆ ಹಾಕಿಕೊಂಡು ನನಗೆ ಸಾರಿ ಸರ್ ಎಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಗೂ ಪಾಪ, ಕೊಡುವ ಅಧಿಕಾರ ಇರಲಿಲ್ಲ.

ಕಾಳುಗಳು ಅವನ ಮುಂದೆ ಬಿಳಿ ಕಾಗದದ ಮೇಲೆ ಇದ್ದವು. ಎಣಿಸಿಟ್ಟವು. ಒಂದೆರಡನ್ನು ಎಗರಿಸಲು ಆದೀತೇ ಎಂದು ನೋಡಿದೆ. ಕೈ ಮೇಜಿನವರೆಗೆ ಹೋಗಿ, ಪೆನ್ನು ಎತ್ತಿಕೊಂಡು ಹಿಂದೆ ಬಂತು. ನಾಶ ಮಾಡಿದ್ದಕ್ಕೆ ಸಹಿ ಹಾಕಬೇಕಾದವನೂ ನಾನೇ.

"ಸುಟ್ಟುಬಿಡೋಣ, ಬೇಗ ಮುಗಿಯುತ್ತೆ" ಎಂದ ಅಧಿಕಾರಿ.

ಅಕ್ಕ ಅಲ್ಲೇ ನಿಂತಿದ್ದಳು. ಕರಾರು, ದಾಖಲೆ ಇವೆಲ್ಲ ಅವಳಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ, ಸುಡುವುದು ಮಾತ್ರ ತಿಳಿಯಿತು. "ಯಾಕ್ರಿ ಸರ, ಹುಳ ಬಿದ್ದಾವೇನು?" ಎಂದು ನನ್ನನ್ನು ಕೇಳಿದಳು. ಹುಳ ಬಿದ್ದಿಲ್ಲ ಅಕ್ಕಾ, ಟೊಪ್ಪಿಗೆ ತೆಗೆದಾಗ ಬೇರೆ ಪರಾಗ ಬಿದ್ದಿದೆ, ಹಾಗಾಗಿ ಇಟ್ಟುಕೊಳ್ಳುವಂತಿಲ್ಲ ಎಂದೆ. ಅವಳ ಮುಖ ನೋಡುವ ಧೈರ್ಯವಿರಲಿಲ್ಲ, ಅವಳ ಕೈ ನೋಡುತ್ತಾ ಹೇಳಿದೆ. ಆ ಕೈಗಳು ಸೆರಗಿನ ತುದಿಯನ್ನು ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ಇದ್ದವು.

"ಒಂದೂ ಬ್ಯಾಡೇನ್ರಿ?"

"ಒಂದೂ ಇಡುವ ಹಾಗಿಲ್ಲ ಅಕ್ಕಾ."

"ಅಂದ್ರೆ ನನ್ ಕೈಯಾರೆ ಹೋತು."

ನಾನು ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದೆ.

ಅವಳು ಅಧಿಕಾರಿಯ ಕಡೆ ತಿರುಗಿದಳು. "ಕಾಳು ಬೂದಿ ಮಾಡಬಾರ್ದ್ರಿ ಸಾಹೇಬ್ರ, ಪಾಪ ಬರ್ತೈತೆ. ಹುರೀತೀನಿ. ಹುರಿದ್ರೆ ಮತ್ತೆ ಹುಟ್ಟಂಗಿಲ್ಲ. ನಿಮ್ ಕೆಲ್ಸಾನೂ ಆಕ್ಕತೆ."

ಅವನು ನನ್ನ ಮುಖ ನೋಡಿದ. ಹುರಿದ ಕಾಳು ನಾಶವಾದ ಕಾಳೇ ಎಂದು ನಾನು ಹೇಳಿದೆ. ಅವತ್ತು ನನ್ನ ಓದು ಉಪಯೋಗಕ್ಕೆ ಬಂದದ್ದು ಇಷ್ಟಕ್ಕೆ. ಆಗಬಹುದು ಎಂದ.

ಶೆಡ್ಡಿನ ಹಿಂದೆ ಚಹಾ ಕಾಸುವ ಮೂರು ಕಲ್ಲಿನ ಒಲೆ. ಅಕ್ಕ ಕಡ್ಡಿ ಹಚ್ಚಿ ಚಿಕ್ಕ ಹೆಂಚು ಇಟ್ಟು, ಕಾಗದದಿಂದ ಕಾಳು ಸುರುವಿದಳು. ಉಳಿದ ನಾಲ್ವರೂ ಕೆಲಸ ಬಿಟ್ಟು ಬಂದು ಸುತ್ತ ಕೂತರು. ಯಾರೂ ನಗಲಿಲ್ಲ, ಯಾರೂ ಅಳಲಿಲ್ಲ. ಹಿಡಿಯಷ್ಟೂ ಇಲ್ಲದ ಕಾಳನ್ನು ಹುರಿಯುವುದು ಕಷ್ಟ, ಕ್ಷಣದಲ್ಲಿ ಸೀಯುತ್ತವೆ. ಅವಳು ಬೆರಳಿನಿಂದಲೇ ಒಂದೊಂದನ್ನು ಹೊರಳಿಸಿ ತಿರುವಿದಳು. ಒಂದು ಚಟ್ಟೆಂದು ಸಿಡಿದು ಹೊರಗೆ ಬಿತ್ತು. ಅಧಿಕಾರಿ ಬಗ್ಗಿ ಅದನ್ನು ಹುಡುಕಿ ಎತ್ತಿ ಮತ್ತೆ ಹೆಂಚಿಗೆ ಹಾಕಿದ. ಅವನ ಕೆಲಸ ಅದು. ಅವನೂ ಸಂಬಳದವನು.

ಹೆಂಚು ಇಳಿಸಿ ಊದಿ ಆರಿಸಿದಳು. ನಾಲ್ವರಿಗೂ ಮೂರು ಮೂರು ಕಾಳು ಕೊಟ್ಟಳು. ಅವರು ಬಲಗೈ ಕೆಳಗೆ ಎಡಗೈ ಕೊಟ್ಟು, ಗುಡಿಯಲ್ಲಿ ಪ್ರಸಾದ ಇಸಿದುಕೊಂಡ ಹಾಗೆ ಇಸಿದುಕೊಂಡರು. ಅಧಿಕಾರಿಗೂ ಒಂದು ಕೊಟ್ಟಳು. ಬೇಡ ಎನ್ನಲು ಬಾಯಿ ತೆರೆದವನು ಸುಮ್ಮನೆ ಬಾಯಿಗೆ ಹಾಕಿಕೊಂಡ. ತಾನು ಮೂರು ಇಟ್ಟುಕೊಂಡಳು. ಕೊನೆಗೆ ನನ್ನ ಹತ್ತಿರ ಬಂದು ಉಳಿದ ಮೂರನ್ನು ನನ್ನ ಅಂಗೈಯಲ್ಲಿ ಇಟ್ಟಳು. ಕಾಳು ಇನ್ನೂ ಬಿಸಿಯಾಗಿತ್ತು.

"ತಿನ್ರಿ ಸರ. ನಮ್ಮವ್ವನ ಗೋಧಿ, ನೀವು ಒಂದಿನಾನೂ ರುಚಿ ನೋಡ್ಲಿಲ್ಲ" ಎಂದಳು.

ಅವಳನ್ನು ನಾಳೆಯಿಂದ ಬರಬೇಡ ಎಂದು ಹೇಳುವ ಕೆಲಸವೂ ನನ್ನ ಪಾಲಿಗೇ ಬಂದಿತ್ತು, ಅಧಿಕಾರಿ ಆಗಲೇ ಸೂಚಿಸಿದ್ದ. ಅದು ಅವಳಿಗೂ ಗೊತ್ತಿತ್ತೆಂದು ಕಾಣುತ್ತದೆ, ಬುತ್ತಿಯ ಗಂಟು, ಕುಡುಗೋಲು ಎರಡನ್ನೂ ಆಗಲೇ ಬಾಗಿಲ ಹತ್ತಿರ ಇಟ್ಟಿದ್ದಳು. ಅವಳು ನನ್ನೆದುರು ಕಾಯುತ್ತ ನಿಂತಿದ್ದಳು. ನಾನು ಮೂರೂ ಕಾಳನ್ನು ಒಟ್ಟಿಗೇ ಬಾಯಿಗೆ ಹಾಕಿಕೊಂಡೆ.

"ಹೆಂಗೈತ್ರಿ?" ಎಂದು ಕೇಳಿದಳು.

ಅಗಿಯಲು ಆಗಿರಲಿಲ್ಲ, ಹಾಗೇ ನುಂಗಿಬಿಟ್ಟಿದ್ದೆ. ಚೆನ್ನಾಗಿದೆ ಅಕ್ಕಾ, ಎಂದೆ.